ಸಮಿತಿ ರೊಕ್ಕದಾಗ ದವಾಖಾನಿಗೆ ತಂದ ಸಾಮಾನು: ಯಾವುದು ಬಾಳಿಕಿ ಬಂತು, ಯಾವುದು ಮೂಲಿ ಸೇರ್ತು

ಪೆಡಲ್ ಡಬ್ಬಿಯಿಂದ ಶುರು ಮಾಡ್ತೀನಿ, ಯಾಕಂದ್ರ ಸರ್ಕಾರಿ ದವಾಖಾನ್ಯಾಗ ಸೋಂಕು ತಡೀಬೇಕು ಅಂತ ರೊಕ್ಕ ಬಂತಂದ್ರ ಮೊದಲ ಖರೀದಿ ಆಗೂದು ಇದನ. ಹಳದಿ, ಕೆಂಪು, ನೀಲಿ ಮೂರು ಡಬ್ಬಿ, ಸೂಜಿಗೆ ಅಂತ ಬ್ಯಾರೆ ಬಿಳಿ ಡಬ್ಬಿ, 2016ರ ಬಯೋಮೆಡಿಕಲ್ ವೇಸ್ಟ್ (ದವಾಖಾನಿ ಕಸದ) ನಿಯಮದಾಗ ಹೇಳಿದ ಹಂಗ. ನಾ ವಿಜಯಪುರ ಜಿಲ್ಲಾದಾಗ ಒಂದು ಪಿಎಚ್‌ಸಿಯೊಳಗ (ಪ್ರಾಥಮಿಕ ಆರೋಗ್ಯ ಕೇಂದ್ರದಾಗ) ಸ್ಟಾಫ್ ನರ್ಸ್ ಇದೀನಿ, ಊರ ಹೆಸರ ಬ್ಯಾಡ ಬಿಡ್ರಿ. ನಾವು ಆರೋಗ್ಯ ರಕ್ಷಾ ಸಮಿತಿ (ದವಾಖಾನಿ ಖರ್ಚು ವೆಚ್ಚಾ ನೋಡ್ಕೊಳ್ಳೂ ಸ್ಥಳೀಯ ಸಮಿತಿ) ರೊಕ್ಕದಾಗ ತಂದ ಸೆಟ್ ನೋಡ್ಲಿಕ್ಕೆ ಮಸ್ತ್ ಇತ್ತು, ಹೊಸಾದಿದ್ದಾಗ ಫೋಟೋ ತಗದು ಮ್ಯಾಲಿನವ್ರಿಗೆ ಕಳಸಿದ್ವಿ, ಎಲ್ಲಾರೂ ಶಭಾಷ್ ಅಂದ್ರು. ಆಮ್ಯಾಲ ಏನಾತು, ಪೆಡಲ್ ಒಳಗ ಒಂದು ಸಣ್ಣ ಪ್ಲಾಸ್ಟಿಕ್ ಕಡ್ಡಿ ಇರತೈತಿ, ಕಾಲಿಲೆ ಒತ್ತಿದ್ರ ಅದು ಮುಚ್ಚಳಾ ಎತ್ತಬೇಕು, ಅದು ಲಟಕ್ ಅಂತ ಮುರೀತು. ಮುರದ ಮ್ಯಾಲ ಎಲ್ಲಾರೂ ಕೈಲೇನ ಎತ್ತೂದು, ಅದೂ ರಕ್ತ ಹತ್ತಿದ ಗ್ಲೌಸ್ ಕೈಲೆ. ಕೈ ಹಚ್ಚಬಾರದು ಅಂತನ ಪೆಡಲ್ ಇರೂದು, ಕಡೀಕ ಹೆಚ್ಚು ಕೈ ಹತ್ತೂ ಜಾಗಾ ಅದನ ಆತು. ನಮ್ಮ ಆಯಾ ಅಕ್ಕಾರು ಒಂದಿನ ಅಂದ್ರು, "ಸಿಸ್ಟರ್, ಇದಕ್ಕಿಂತ ಮೊದಲಿನ ಬಕೀಟನ ಚಲೋ ಇತ್ತರಿ, ಮುಚ್ಚಳಾ ಇರಲಿಲ್ಲ, ಯಾರೂ ಮುಟ್ತಿರಲಿಲ್ಲ." ಖರೇನ ಮಾತ.

ತಗೊಳ್ಳೂದಿದ್ರ ಒಳಗ ಕಬ್ಬಿಣದ ಕಡ್ಡಿ ಇದ್ದದ್ದು ತಗೊಳ್ರಿ, ಸ್ವಲ್ಪ ತುಟ್ಟಿ. ಅಂಗಡ್ಯಾಗ ತಿರುವಿ ಹಾಕಿ ತಳಾ ನೋಡ್ರಿ, ಅಂಗಡಿಯವ ಮಾರಿ ಸಣ್ಣ ಮಾಡಿದ್ರ ಮಾಡ್ಲಿ. ಹಗುರ ಡಬ್ಬಿ ಇದ್ರ ಕಾಲ ಒತ್ತಿದ್ ಕೂಡ್ಲೇ ಡಬ್ಬೀನ ಹಿಂದಕ್ಕ ಸರೀತೈತಿ, ಅದಕ್ಕ ಗ್ವಾಡಿಗೆ ಹಚ್ಚಿ ಇಡಬೇಕು. ನಮ್ಮ ಹಳೇ ಸೆಟ್ಟಿಗೆ 5ಕ್ಕ 1 ಸ್ಟಾರ್, ಅದೂ ಬಣ್ಣಾ ಇನ್ನಾ ಮಾಸಿಲ್ಲ ಅಂತ.

ಈಗ ರೊಕ್ಕದ ಲೆಕ್ಕಾ ಒಂಚೂರು ಹೇಳಬೇಕು, ಇಲ್ಲಂದ್ರ ನಾ ಯಾಕ ಹಿಂಗ ಕಿರಿಕಿರಿ ಮಾಡಾಕತ್ತೀನಿ ಅನ್ನೂದು ತಿಳಿಯಂಗಿಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಲೆಕ್ಕದಾಗ ಒಂದು ಪಿಎಚ್‌ಸಿಗೆ ವರ್ಷಕ್ಕ 1.75 ಲಕ್ಷ ಅಂತ ಐತಿ, ಸಮಿತಿಗೆ 1 ಲಕ್ಷ, ನಿರ್ವಹಣಾಕ್ಕ 50 ಸಾವಿರ, ಮುಕ್ತ ನಿಧಿ (ಬೇಕಾದ್ದಕ್ಕ ಬಳಸೂದು) 25 ಸಾವಿರ, ಹಿಂಗ ಕೂಡಿ ಆಗಿದ್ದು ಅದು. 60 ಪಾಲು ಕೇಂದ್ರದ್ದು, 40 ಪಾಲು ರಾಜ್ಯದ್ದು. ಈ ರೊಕ್ಕದಾಗನ ನಳಾ ರಿಪೇರಿ, ಟ್ಯೂಬ್‌ಲೈಟು, ಇನ್ವರ್ಟರ್ ಬ್ಯಾಟರಿ, ಝೆರಾಕ್ಸು, ಬಾಣಂತಿ ವಾರ್ಡಿನ ಕಿಡಕಿ ಜಾಳಗಿ, ಅದರಾಗ ಉಳದ್ರ ಬ್ಲೀಚಿಂಗ್ ಪೌಡರು. ಸೋಂಕು ತಡಿಯೂದಕ್ಕ ಅಂತ ಬ್ಯಾರೆ ಗಂಟು ಅದರಾಗ ಕಟ್ಟಿಟ್ಟಿರಂಗಿಲ್ಲ, ಕಟ್ಟಿಟ್ಕೋಬೇಕಾದವ್ರು ನಾವ. ರೊಕ್ಕ ಕಂತಿನ್ಯಾಗ ಬರತೈತಿ, ನಡುವ ಯಾವ ಟೇಬಲ್ ಮ್ಯಾಲ ಎಷ್ಟ ದಿನ ಕುಂದ್ರತೈತೋ ಗೊತ್ತಿಲ್ಲ, ನಮ್ಮ ಖಾತೆಗೆ ಬಂದು ಬೀಳೂದು ಭಾಳ ಸಲ ಬ್ಯಾಸಗಿ ಶುರು ಆಗೂ ಹೊತ್ತಿಗೆ, ಮಾರ್ಚ್ 31ರೊಳಗ ಖರ್ಚು ಮಾಡಿ ಯುಸಿ (ರೊಕ್ಕ ಖರ್ಚು ಮಾಡೀವಿ ಅನ್ನೂ ಸರ್ಟಿಫಿಕೇಟು) ಕೊಡ್ರಿ ಅಂತ ಫೋನು ಬ್ಯಾರೆ. ಹಂಗಿದ್ದಾಗ ಏನ್ ತಗೋತೀರಿ ಹೇಳ್ರಿ, ಒಂದ ಬಿಲ್ಲಿನ್ಯಾಗ ರೊಕ್ಕ ಮುಗಿಯೂವಂಥದ್ದು, ಡಬ್ಬಿ, ಬೋರ್ಡು, ಸ್ಟೀಲ್ ಟ್ರಾಲಿ. ದಿನಾ ಖಾಲಿ ಆಗೂ ಸಾಮಾನಿಗೆ ದಿನಾ ರೊಕ್ಕ ಬೇಕು, ನಮ್ಮ ಕಡೆ ರೊಕ್ಕ ಬರೂದು ವರ್ಷಕ್ಕೊಮ್ಮೆ ಬರೂ ಜಾತ್ರಿಯಂಗ. ಸೋಂಕು ತಡಿಯೂ ಸಾಮಾನು ಅಂದ್ರ ಮುಕ್ಕಾಲು ಪಾಲು ಖಾಲಿ ಆಗೂದನ, ಗ್ಲೌಸು, ಕೈಗೆ ಹಚ್ಚೂ ಹ್ಯಾಂಡ್ ರಬ್ಬು, ಹೈಪೋ (ರೋಗಾಣು ಕೊಲ್ಲೂ ಹೈಪೋಕ್ಲೋರೈಟ್ ದ್ರವ), ಸಾಬೂನು, ಚೀಲಾ. ಟ್ರಾಲಿ ಹತ್ತು ವರ್ಷ ಇರತೈತಿ ಖರೆ, ಆದ್ರ ಟ್ರಾಲಿ ಯಾರ ಕೈನೂ ತೊಳಿಯಂಗಿಲ್ಲಲ್ಲ.

ಇದರ ಹೊಡ್ತಾ ಎದ್ದು ಕಾಣೂದು ಹೈಪೋಕ್ಲೋರೈಟ್ ಕ್ಯಾನಿನ್ಯಾಗ. ವರ್ಷಕ್ಕಾಗೂವಷ್ಟು ಒಂದ ಸಲಾ ತಂದು ಇಟ್ಟಿದ್ದು, ಸ್ಟೋರ್ ರೂಮಿಗೆ ಮ್ಯಾಲ ಪತ್ರಾಸ, ವಿಜಯಪುರದ ಏಪ್ರಿಲ್ ಮೇ ಬಿಸಲ ನಿಮ್ಗ ಗೊತ್ತೈತಿ, 40 ಡಿಗ್ರಿ ಅನ್ನೂದು ಇಲ್ಲಿ ಸುದ್ದಿನ ಅಲ್ಲ. ಹೈಪೋ ಅನ್ನೂದು ಬಿಸಲಿಗೆ, ಬೆಳಕಿಗೆ, ತಾನಾಗೇನ ಕಸುವು ಕಳಕೋತೈತಿ, ಕ್ಯಾನ್ ತುಂಬೇನ ಇರತೈತಿ, ಒಳಗಿನ ಕ್ಲೋರಿನ್ ಹೋಗಿರತೈತಿ. ಮಳಿಗಾಲದಾಗ ತಗದ್ರ ಮೂಗಿಗೆ ಸುದ್ದಾ ಹೊಡೀಲಿಲ್ಲ. ಲೆಕ್ಕದ ಪುಸ್ತಕದಾಗ ಸ್ಟಾಕ್ ಐತಿ, ಹೆರಿಗಿ ರೂಮಿನ ನೆಲದ ಮ್ಯಾಲ ಬರೀ ನೀರು. ಅದಕ್ಕ ನನ್ನ ಮಾತು ಕೇಳ್ರಿ, ದ್ರವದ್ದು ಸಣ್ಣ ಕ್ಯಾನ್ ತಗೊಳ್ರಿ, ತಯಾರಾದ ತಾರೀಖು ನೋಡ್ರಿ, ಎಷ್ಟು ಪರ್ಸೆಂಟ್ ಅಂತ ಬರದಿರಬೇಕು. 5 ಪರ್ಸೆಂಟ್ ಇದ್ರ ಒಂದು ಪಾಲಿಗೆ ನಾಕು ಪಾಲು ನೀರು ಕೂಡಿಸಿದ್ರ 1 ಪರ್ಸೆಂಟ್ ಆಗತೈತಿ, ರಕ್ತ ಚೆಲ್ಲಿದಲ್ಲಿ ಹಾಕ್ಲಿಕ್ಕೆ ಅದು ಬೇಕು. ಪರ್ಸೆಂಟ್ ಬರೀಲಾರದ ಕ್ಯಾನ್ ಎಷ್ಟ ಸೋವಿ ಇದ್ರೂ ಮುಟ್ಟಬ್ಯಾಡ್ರಿ, ಎಷ್ಟಕ್ಕೆಷ್ಟು ನೀರು ಹಾಕ್ಬೇಕು ಅನ್ನೂದ ಗೊತ್ತಾಗಂಗಿಲ್ಲ.

ನನಗ ಕೇಳಿದ್ರ ಬ್ಲೀಚಿಂಗ್ ಪೌಡರ್ ರಾಜಾ. ಒಂದು ಲೀಟರ್ ನೀರಿಗೆ 15 ಗ್ರಾಂ, ಅಂದ್ರ ಚಾ ಚಮಚದಾಗ ಮೂರು ಚಮಚ ಸಪಾಟಾಗಿ, 0.5 ಪರ್ಸೆಂಟ್ ದ್ರಾವಣ ತಯಾರ್. ಹೆರಿಗಿ ಆದ ಮ್ಯಾಲ ಕತ್ತರಿ, ಕ್ಲ್ಯಾಂಪು ಎಲ್ಲಾ ಅದರಾಗ 10 ನಿಮಿಷ ಮುಳಗಿಸಿ, ತಗದು, ಬ್ರಶ್ಶಿಲೆ ತಿಕ್ಕಿ ತೊಳದು, ಆಮ್ಯಾಲ ಆಟೋಕ್ಲೇವಿಗೆ, ಅಂದ್ರ ಉಗಿಲೆ ರೋಗಾಣು ಕೊಲ್ಲೂ ಯಂತ್ರಕ್ಕ. ಪ್ಲಾಸ್ಟಿಕ್ ಟಬ್ಬಿನ್ಯಾಗ ಮಾಡ್ರಿ, ಸ್ಟೀಲ್ ಪಾತೇಲ್ಯಾಗ ಬ್ಯಾಡ. 10 ನಿಮಿಷದ ಮ್ಯಾಲೂ ಹಂಗ ಬಿಟ್ರ ಕತ್ತರಿಗೆ ಜಂಗ್ ಹಿಡೀತೈತಿ, ರಾತ್ರಿ ಪಾಳೇದವ್ರು ಮುಳಗಿಸಿ ಮುಂಜಾನೆ ತಗೊಳ್ಳೂ ರೂಢಿ ಇದ್ದಲ್ಲಿ ಕತ್ತರಿ ನೋಡ್ರಿ, ಕೀಲು ಬಿಗದು ಕೂತಿರತಾವ. ದಿನಾ ಹೊಸಾ ದ್ರಾವಣ, ನಿನ್ನೀದು ಇವತ್ತ ಚಲ್ಲೂದ. ಪೌಡರ್ ಸಂಬಂಧ ಒಂದ ತಕರಾರು, ಚೀಲಾ ಬಿಚ್ಚಿಟ್ರ ಗಾಳಿ ಹಸಿ ಹಿಡದು ಗಡ್ಡಿ ಗಡ್ಡಿ ಆಗತೈತಿ, ಹಂಗಾದದ್ದರಾಗ ಕಸುವು ಇರಂಗಿಲ್ಲ. ಬಿಗಿ ಮುಚ್ಚಳದ ಡಬ್ಬ್ಯಾಗ ಹಾಕಿ ಇಡ್ರಿ. ಮತ್ತ ಪಾಯಖಾನಿ ತೊಳಿಯೂ ಆ್ಯಸಿಡ್ ಜೋಡಿ ಅದನ್ನ ಕೂಡಸಬ್ಯಾಡ್ರಿ, ಕ್ಲೋರಿನ್ ಗ್ಯಾಸ್ ಏಳತೈತಿ, ಬಗ್ಗಿ ತೊಳಿಯೂ ಹೆಣ್ಮಕ್ಕಳ ಎದಿ ಕಟ್ಟಿಬಿಡತೈತಿ. ಈ ಮಾತು ಪಾಕೀಟಿನ ಮ್ಯಾಲ ಇಂಗ್ಲಿಷಿನ್ಯಾಗ ಸಣ್ಣ ಅಕ್ಷರದಾಗ ಇರತೈತಿ, ಓದಬೇಕಾದವ್ರು ಅದನ್ನ ಓದಂಗಿಲ್ಲ. ಪೌಡರಿಗೆ 4.5 ಸ್ಟಾರ್.

ಹ್ಯಾಂಡ್ ರಬ್ ಬಗ್ಗೆ ಭಾಳ ಹೇಳೂದೈತಿ. ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಹೇಳಿದ ಫಾರ್ಮುಲಾದಾಗ ಎಥೆನಾಲ್ 80 ಪರ್ಸೆಂಟ್ ಇಲ್ಲಂದ್ರ ಐಸೊಪ್ರೊಪೈಲ್ ಆಲ್ಕೋಹಾಲ್ 75 ಪರ್ಸೆಂಟ್, ಕೈ ಒಡೀಬಾರದು ಅಂತ ಸ್ವಲ್ಪ ಗ್ಲಿಸರಿನ್. ಬಾಟಲಿ ಮ್ಯಾಲ ಇದು ಬರದಿರಬೇಕು. ಕರೋನಾ ಕಾಲದಾಗ ಬಂದು ಉಳದ ಘಮಘಮ ಜೆಲ್ ಇನ್ನಾ ಕೆಲವು ಅಂಗಡ್ಯಾಗ ಸೋವಿಗೆ ಸಿಗತಾವ, ಹಚ್ಚಿಕೊಂಡ್ರ ಕೈ ಅಂಟಂಟು, ಅದರ ಮ್ಯಾಲ ಗ್ಲೌಸ್ ಏರಂಗಿಲ್ಲ, ಹಂಗಾಗಿ ಯಾರೂ ಹಚ್ಕೊಳ್ಳಂಗಿಲ್ಲ. ನಾವು ಈಗ ತರೂದು ತಿಳಿ ನೀರಿನಂಥಾದ್ದು, 500 ಎಂಎಲ್ ಬಾಟಲಿ, ಗ್ವಾಡಿಗೆ ಬ್ರ್ಯಾಕೆಟ್ ಹೊಡದು ಕೂಡ್ರಿಸಿದ್ದು, ಮೊಣಕೈಲೆ ಒತ್ತೂದು. ಬ್ರ್ಯಾಕೆಟ್ ಎಲ್ಲಿ ಹೊಡೀತೀರಿ ಅನ್ನೂದ ದೊಡ್ಡ ಮಾತು. ಮೊದಲು ಬಾಗಲದ ಹೊರಗ ಇತ್ತು, ಬಂದವ್ರು ಹ್ವಾದವ್ರು ಸೆಂಟ್ ಹಚ್ಕೊಂಡಂಗ ಹಚ್ಕೊಂಡು ಹೋಗ್ತಿದ್ರು. ಹೆರಿಗಿ ಟೇಬಲ್ಲಿನ ಬಾಜೂಕ, ಇಂಜೆಕ್ಷನ್ ಟ್ರೇ ಮ್ಯಾಲ, ಬಾಣಂತಿ ಕಾಟಿನ ಕಾಲ ಕಡೆ ಹೊಡಿಸಿದ ಮ್ಯಾಲ ಬಳಕಿ ಹೆಚ್ಚಾತು. 20ರಿಂದ 30 ಸೆಕೆಂಡ್ ತಿಕ್ಕಬೇಕು, ಕೈಗೆ ರಕ್ತ ಗಿಕ್ತ ಕಣ್ಣಿಗೆ ಕಾಣೂವಂಗ ಹತ್ತಿದ್ರ ಇದು ನಡಿಯಂಗಿಲ್ಲ, ಸಾಬೂನು ನೀರು, ಅದಕ್ಕ 40ರಿಂದ 60 ಸೆಕೆಂಡ್.

ಬಳಕಿ ಹೆಚ್ಚಾದ್ರ ಬಾಟಲಿ ಜಲ್ದಿ ಖಾಲಿ ಆಗತೈತಿ, ಅಲ್ಲೇ ತಂಟೆ ಶುರು. "ಹೋದ ಸಲಾನ ಕೊಟ್ಟೀವಲ್ಲ ಸಿಸ್ಟರ್, ಕುಡೀತೀರೇನು?" ಅಂತ ಒಬ್ರು ನಕ್ಕೊಂತ ಕೇಳಿದ್ರು, ನಗಿ ಬರಲಿಲ್ಲ ನಂಗ. ಅಲ್ರೀ, ಬಾಟಲಿ ತುಂಬೇ ಉಳದ್ರ ಕೇಳಬೇಕು ಯಾಕ ಉಳೀತು ಅಂತ, ಖಾಲಿ ಆದ್ರ ಕೇಳೂದಲ್ಲ. ಡಬ್ಲ್ಯುಎಚ್‌ಒ 2022ರಾಗ ಒಂದು ವರದಿ ತಂದೈತಿ ಈ ವಿಷಯದ ಮ್ಯಾಲ, ದವಾಖಾನಿಗೆ ಅಡ್ಮಿಟ್ ಆದ 100 ಮಂದ್ಯಾಗ ಶ್ರೀಮಂತ ದೇಶದಾಗ 7 ಮಂದಿಗೆ, ನಮ್ಮಂಥಾ ದೇಶದಾಗ 15 ಮಂದಿಗೆ ದವಾಖಾನ್ಯಾಗನ ಒಂದಿಲ್ಲೊಂದು ಸೋಂಕು ಹತ್ತತೈತಿ, ಹಂಗ ಹತ್ತಿದವ್ರಾಗ ಸರಾಸರಿ 10ಕ್ಕ ಒಬ್ರು ಸಾಯ್ತಾರ ಅಂತ. ಅದರಾಗನ ಇನ್ನೊಂದ್ ಮಾತೈತಿ, ಕೈ ಸ್ವಚ್ಛ ಇಟ್ಕೊಳ್ಳೂದು ಮತ್ತ ಇಂಥಾ ಕಡಿಮಿ ಖರ್ಚಿನ ಕೆಲಸ ಸರಿಯಾಗಿ ಮಾಡಿದ್ರ 70 ಪರ್ಸೆಂಟ್ ತನಕ ಸೋಂಕು ತಡೀಬಹುದು. ಮೇ 5ಕ್ಕ ಕೈ ಸ್ವಚ್ಛತಾ ದಿನಾಚರಣಿ ಅಂತ ಮಾಡ್ತೀವಿ, ಬ್ಯಾನರ್, ಫೋಟೋ, ಚಾ ಚೂಡಾ ಎಲ್ಲಾ ಇರತೈತಿ. ಆ ಬ್ಯಾನರ್ ರೊಕ್ಕದಾಗ ಎಷ್ಟ ಬಾಟಲಿ ಬರ್ತಿದ್ವು ಅಂತ ನಾ ಪ್ರತಿ ವರ್ಷ ಮನಸಿನ್ಯಾಗ ಲೆಕ್ಕಾ ಹಾಕ್ತೀನಿ. ಖರೀದಿ ಮಾಡೂವವ್ರಿಗೆ ಒಂದ್ ಮಾತು, 5 ಲೀಟರ್ ಕ್ಯಾನ್ ತಂದು ಬಾಟಲಿಗೆ ತುಂಬಿಕೊಂಡ್ರ ಭಾಳ ಸೋವಿ ಬೀಳತೈತಿ, ಆದ್ರ ಅರ್ಧಾ ಇದ್ದ ಬಾಟಲಿಗೆ ಮ್ಯಾಲ ಮ್ಯಾಲ ತುಂಬಬ್ಯಾಡ್ರಿ, ಖಾಲಿ ಮಾಡಿ, ತೊಳದು, ಪೂರಾ ಒಣಗಿಸಿ ತುಂಬ್ರಿ. 4 ಸ್ಟಾರ್, ಪಂಪು ಕಟ್ಟಕೋತೈತಿ ಅಂತ ಒಂದು ಕಡಿಮಿ.

ಆಟೋಕ್ಲೇವ್ ನಮ್ಮದು ಹಳೇದು, ನಿಂತ ಡ್ರಮ್ಮಿನಂಥಾದ್ದು. ಯಂತ್ರ ಗಟ್ಟಿ ಐತಿ, ಬೈಯಂಗಿಲ್ಲ. 121 ಡಿಗ್ರಿ, 15 ಪೌಂಡ್ ಪ್ರೆಶರ್, ಅರಿವ್ಯಾಗ ಸುತ್ತಿದ್ದು ಇದ್ರ 30 ನಿಮಿಷ, ಸುತ್ತಲಾರದ್ದಕ್ಕ 20. ನಡುವ ಕರೆಂಟ್ ಹ್ವಾದ್ರ ಮತ್ತ ಮೊದಲಿಂದ. ಆದ್ರ ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ ಸೀಳಿತಂದ್ರ ಮುಗೀತು, ಉಗಿ ಸುಸ್ ಅಂತ ಹೊರಗ, ಮುಳ್ಳು 15ಕ್ಕ ಏರಂಗಿಲ್ಲ. ಗ್ಯಾಸ್ಕೆಟ್ಟಿನ ಬೆಲಿ ಒಂದು ಊಟದ ಬಿಲ್ಲಿನಷ್ಟ, ಆದ್ರ ಅದನ್ನ ತರ್ಲಿಕ್ಕೆ ಯಾವ ಹೆಡ್ಡಿನ್ಯಾಗ ಬರೀಬೇಕು, ರಿಪೇರಿಯೋ ಉಪಕರಣವೋ, ಕೊಟೇಷನ್ ಎಷ್ಟು ಬೇಕು ಅನ್ನೂದರಾಗ ದಿನಾ ಹೋಗತಾವ, ಅಲ್ಲೀ ತನಕ ಕತ್ತರಿ ಸೆಟ್ಟು ತಾಲೂಕಾ ದವಾಖಾನಿಗೆ ಆಂಬುಲೆನ್ಸಿನ್ಯಾಗ ಹೋಗಿ ಬರೂದು. ನಮ್ಮ ಡಾಕ್ಟರ್ ಸಾಹೇಬ್ರು ಕಡೀಕ ತಮ್ಮ ಕಿಸೆದಿಂದ ಕೊಟ್ಟು ತರಿಸಿದ್ರು. ಒಳ್ಳೇ ಮನಿಷ್ಯಾ, ಖರೆ, ಆದ್ರ ಡಾಕ್ಟರ್ ಕಿಸೆ ಮ್ಯಾಲ ನಡಿಯೂ ವ್ಯವಸ್ಥಾಕ್ಕ ಎಷ್ಟ್ ಸ್ಟಾರ್ ಕೊಡೂದು? ಯಂತ್ರದ ಜೋಡಿ ಒಂದೆರಡು ಗ್ಯಾಸ್ಕೆಟ್ ಅದ ಬಿಲ್ಲಿನ್ಯಾಗ ಹಾಕಿಸಿಬಿಡ್ರಿ, ಇದೊಂದು ಮಾತು ನೆನಪಿಡ್ರಿ ಸಾಕು. ಜೊತಿಗೆ ಇಂಡಿಕೇಟರ್ ಟೇಪ್, ಗಂಟಿನ ಮ್ಯಾಲ ಹಚ್ಚೂದು, ಬಿಸಿ ಹತ್ತಿದ್ರ ಬಣ್ಣಾ ಬದಲಾಗೂ ಪಟ್ಟಿ. ಪಟ್ಟಿ ಕರ್ರಗಾತು ಅಂದ್ರ ಹೊರಗ ಬಿಸಿ ಹತ್ತೇತಿ ಅಂತ ಅಷ್ಟ ಅರ್ಥ, ಗಂಟಿನ ಒಳಗ ಉಗಿ ಹೊಕ್ಕೇತಿ ಅಂತ ಟೇಪ್ ಗ್ಯಾರಂಟಿ ಕೊಡಂಗಿಲ್ಲ, ಅದಕ್ಕ ಡ್ರಮ್ ಒಳಗ ಗಂಟು ತುರುಕಬ್ಯಾಡ್ರಿ, ನಡುವ ಜಾಗಾ ಬಿಡ್ರಿ. ಸೋವಿ ಟೇಪ್ ಗಂಟಿಗೆ ಹತ್ತಂಗಿಲ್ಲ, ಬಿಚ್ಚಿ ಬೀಳತೈತಿ, ಅದಕ್ಕ 2 ಸ್ಟಾರ್.

ಸೂಜಿ ಕತ್ತರಸೂ ಹಬ್ ಕಟ್ಟರ್, ಕೈಲೆ ಒತ್ತೂದು, ಇದಕ್ಕ ಪೂರಾ 5. ಕರೆಂಟ್ ಬೇಡಂಗಿಲ್ಲ, ಶಬ್ದ ಇಲ್ಲ, ಲಸಿಕಾ ದಿನ ಹಳ್ಳಿಗೆ ಬ್ಯಾಗಿನ್ಯಾಗ ಒಯ್ಯಬಹುದು. ಕರೆಂಟಿಲೆ ಸೂಜಿ ಸುಡೂ ಮಷೀನ್ ಒಂದು ಐತಿ ನಮ್ಮಲ್ಲಿ, ಅದು ಕಪಾಟಿನ್ಯಾಗ ಆರಾಮ ಮಲಗೇತಿ. ಕಟ್ಟರ್ ಡಬ್ಬಿ ಮುಕ್ಕಾಲು ತುಂಬಿದ ಕೂಡ್ಲೇ ಬದಲಿ ಮಾಡ್ರಿ, ಒತ್ತಿ ಒತ್ತಿ ತುಂಬಲಿಕ್ಕೆ ಹ್ವಾದ್ರ ಸೂಜಿ ಚುಚ್ಚತೈತಿ. ಚುಚ್ಚಿತು ಅಂದ್ರ ಸಾಬೂನು ನೀರಿಲೆ ತೊಳದು ತಾಬಡತೋಬ ಡಾಕ್ಟರಿಗೆ ಹೇಳಬೇಕು, ಎಚ್‌ಐವಿ ತಡಿಯೂ ಗುಳಿಗಿ ಶುರು ಮಾಡೂದಿದ್ರ 72 ತಾಸಿನೊಳಗ, ಎಷ್ಟ್ ಜಲ್ದಿ ಅಷ್ಟ್ ಚಲೋ. ಹೆಪಟೈಟಿಸ್ ಬಿ ಲಸಿಕಾ ಸಿಬ್ಬಂದಿಗೆ ಕೊಡಿಸಬೇಕು ಅಂತ 2016ರ ನಿಯಮದಾಗನ ಐತಿ, 0, 1, 6 ತಿಂಗಳಿಗೆ ಮೂರು ಡೋಸ್. ಡಾಕ್ಟರು ಸಿಸ್ಟರು ಹೆಂಗರೆ ಹಾಕಿಸ್ಕೊಂಡಿರತೀವಿ, ಕಸಾ ಎತ್ತೂವವ್ರು ಔಟ್‌ಸೋರ್ಸ್ ಮಂದಿ, ಅವ್ರದು ಯಾರು ನೋಡ್ಬೇಕು, ಗುತ್ತಿಗಿದಾರನೋ ನಾವೋ ಅನ್ನೂದು ಎಲ್ಲಾ ಕಡೆ ಜಗ್ಗಾಟ. ಸಾಮಾನು ಪಟ್ಟಿ ಮಾಡೂವಾಗ ಇದನ್ನ ಮೊದಲನೇ ಸಾಲಿನ್ಯಾಗ ಬರೀರಿ ಅಂತೀನಿ ನಾ.

ಈ ಕಸಾ ಎತ್ತೂವವ್ರಿಗೆ ಕೊಡೂ ದಪ್ಪನ್ನ ರಬ್ಬರ್ ಗ್ಲೌಸಿಂದೂ ಒಂದ್ ಕಥಿ. ಬಂದದ್ದು ಎಲ್ಲಾ ಗಂಡಸರ ಸೈಜು, ಹೆಣ್ಮಕ್ಕಳ ಕೈಗೆ ಬೆರಳ ತುದಿ ಜೋತಾಡತಾವ, ಮಾಪ್ ಹಿಡಿಲಿಕ್ಕೆ ಬರಂಗಿಲ್ಲ, ಅದಕ್ಕ ತಗದಿಟ್ಟು ಬರಿಗೈಲೆ ಕೆಲಸಾ. ನೋಡಿದವ್ರು ಅಂತಾರ "ಇವ್ರಿಗೆ ಕೊಟ್ರೂ ಹಾಕ್ಕೊಳ್ಳಂಗಿಲ್ಲ". ಸಣ್ಣ ಸೈಜ್ ಕೇಳಿ ತರಿಸಿದ ಮ್ಯಾಲ ದಿನಾ ಹಾಕ್ಕೋತಾರ, ತೊಳದು ಹಗ್ಗದ ಮ್ಯಾಲ ಒಣಗಸ್ತಾರ. ಬೆಲಿ ಅಷ್ಟ.

ಮಾಪ್, ಮೂರು ಬಕೀಟಿನ ಸೆಟ್ಟು ಚಲೋ ಅದಾವ, ತುದಿ ಬಿಚ್ಚಿ ತೊಳಿಯೂವಂಥಾದ್ದು ತಗೊಳ್ರಿ. ಮೊಣಕೈ ನಳಾ ಭಾರಿ ಚಲೋ, ಟಾಕಿಯೊಳಗ ನೀರಿದ್ರ.

ಸರ್ಕಾರದ ಕಾಯಕಲ್ಪ ಪ್ರಶಸ್ತಿ ಬಗ್ಗೆ ಕೇಳ್ತಾರ ಬಾಗಲಕೋಟಿ ಕಡೆ ಗೆಳತ್ಯಾರು, ಅದರಿಂದ ಈ ಖರ್ಚು ಹೊರಡತೈತೇನು ಅಂತ. 2015ರಾಗ ಶುರುವಾದ ಯೋಜನಾ, ಸ್ವಚ್ಛತಾ, ಕಸದ ವಿಲೇವಾರಿ, ಸೋಂಕು ನಿಯಂತ್ರಣ ಎಲ್ಲಾದಕ್ಕೂ ಮಾರ್ಕ್ಸ್ ಹಾಕ್ತಾರ, 70 ಪರ್ಸೆಂಟ್ ದಾಟಬೇಕು. ಜಿಲ್ಲಾದಾಗ ಮೊದಲು ಬಂದ ಪಿಎಚ್‌ಸಿಗೆ 2 ಲಕ್ಷ, 70 ದಾಟಿದ ಉಳದವ್ಕ 50 ಸಾವಿರ ಪ್ರೋತ್ಸಾಹ, ಅಂತ ಇಟ್ಟಿದ್ದು. ಬಂದ ರೊಕ್ಕದಾಗ 75 ಪಾಲು ದವಾಖಾನಿಗೆ, 25 ಪಾಲು ಸಿಬ್ಬಂದಿಗೆ. ಯೋಜನಾ ನಂಗ ಸೇರತೈತಿ, ಸುಳ್ಳ ಹೇಳಂಗಿಲ್ಲ, ಗ್ರೂಪ್ ಡಿ ಮಂದಿ ಕೈಗೂ ನಾಕು ಕಾಸು ಬರತೈತಿ ಅಂದ್ರ ಅವ್ರ ಕೆಲಸದ ಹುರುಪ ಬ್ಯಾರೆ, ಚೆಕ್‌ಲಿಸ್ಟ್ ಹಿಡಕೊಂಡು ನಮ್ಮನ್ನ ಅವ್ರ ಕೇಳ್ತಾರ. ಆದ್ರ ಇದು ಪಾಸಾದವ್ರಿಗೆ ಕೊಡೂ ಬಹುಮಾನ, ಪಾಸಾಗ್ಲಿಕ್ಕೆ ಬೇಕಾದ ರೊಕ್ಕ ಅಲ್ಲ. ಹಿಂದ ಬಿದ್ದ ಪಿಎಚ್‌ಸಿ, ನೀರಿಲ್ಲ ಸಿಬ್ಬಂದಿ ಇಲ್ಲ ಅನ್ನೂವಂಥಾದ್ದು, ಅದಕ್ಕ ಸೋಂಕಿನ ಕಾಟ ಹೆಚ್ಚು, ಅದಕ್ಕ ಬಹುಮಾನ ಬರೂದು ಕಡಿಮಿ. ಮತ್ತ ಮಾರ್ಕ್ಸ್ ಹಾಕೂ ಕಮಿಟಿ ಬರತೈತಿ ಅಂದ್ರ ಕೆಲವು ಕಡೆ ಹೂಕುಂಡ ಬಾಡಿಗಿ ತರೂದೂ ಐತಿ, ಹೆಸರ ಹೇಳಂಗಿಲ್ಲ.

ಪ್ರೈವೇಟಿನವ್ರು ನಿಮ್ಗೇನ್ರಿ ಸರ್ಕಾರಿ ಸಾಮಾನು ಅಂತ ನಗತಾರ, ಅವ್ರಲ್ಲಿ ಗ್ಲೌಸ್ ರೊಕ್ಕ ಪೇಶಂಟ್ ಬಿಲ್ಲಿನ್ಯಾಗನ ಹೋಗತೈತಿ. ಭಾಳ ಇನ್ಸೂರೆನ್ಸ್ ಪಾಲಿಸಿ ಗ್ಲೌಸ್ ಮಾಸ್ಕಿಗೆ ರೊಕ್ಕ ಕೊಡಂಗಿಲ್ಲ, ಕೈಯಿಂದ ಕಟ್ಟಬೇಕು. ಬಿಲ್ಲಿನ್ಯಾಗ ಇದ್ದಷ್ಟು ಗ್ಲೌಸ್ ಕಾಟಿನ ಬಾಜೂಕ ಬಂದ್ವೇನು ಅಂತ ಪೇಶಂಟ್ ಮಂದಿ ಎಣಿಸೂದು ತಪ್ಪಲ್ಲ.

ಇನ್ನ ಅಂಗಡಿ. ವಿಜಯಪುರದಾಗ ನಾವು ತರೂ ಸರ್ಜಿಕಲ್ ಅಂಗಡಿ ಹೆಸರ ಹಾಕಂಗಿಲ್ಲ, ಯಾಕಂದ್ರ ಬೈಯೂದೂ ಐತಿ ಹೊಗಳೂದೂ ಐತಿ. ಚಲೋದು ಅಂದ್ರ ಉದ್ರಿ ಕೊಡ್ತಾರ, ಸರ್ಕಾರಿ ಬಿಲ್ ಅಂದ ಕೂಡ್ಲೇ ಮಾರಿ ತಿರುವಂಗಿಲ್ಲ, ಸಣ್ಣ ಸೈಜ್ ಗ್ಲೌಸ್ ಅವ್ರ ಹುಬ್ಬಳ್ಳಿಯಿಂದ ತರಿಸಿಕೊಟ್ರು. ಕೆಟ್ಟದ್ದು ಅಂದ್ರ ಕಸದ ಚೀಲಾ. ಕೆಂಪು ಚೀಲಾ ತೋರಿಸಿದ್ದು ಒಂದು, ಬಂಡಲ್ಲಿನ್ಯಾಗ ಬಂದದ್ದು ತೆಳ್ಳನ್ನದ್ದು, ಸಲೈನ್ ಪೈಪ್ ನಾಕು ಹಾಕಿ ಎತ್ತಿದ್ರ ತಳಾ ಹರೀತು. ಮ್ಯಾಲ ಕ್ಲೋರಿನ್ ಇಲ್ಲದ ಪ್ಲಾಸ್ಟಿಕ್ ಅನ್ನೂ ಗುರುತೂ ಇರಲಿಲ್ಲ, ನಿಯಮದ ಪ್ರಕಾರ ಅದು ಇರಾಕಬೇಕು. ವಾಪಸ್ ತಗೊಂಡ್ರು, ಜಗಳಾ ಮಾಡಿದ ಮ್ಯಾಲ. ಕಸಾ 48 ತಾಸಿನ ಮ್ಯಾಲ ದವಾಖಾನ್ಯಾಗ ಇಡೂ ಹಂಗಿಲ್ಲ, ಗಾಡಿ ಬರೂದು ತಡಾ ಆದ ದಿನ ಹರಕ ಚೀಲದ ಮುಂದ ನಾಯಿ ನಿಂತಿರತಾವ, ಆ ಚಿತ್ರಾ ಅಂಗಡಿಯವ್ರಿಗೆ ಫೋನಿನ್ಯಾಗ ಕಳಸಿದ ಮ್ಯಾಲ ದಪ್ಪನ್ನ ಬಂಡಲ್ ಬಂತು. 3 ಸ್ಟಾರ್ ಅಂಗಡಿಗೆ.

ಹೋಗೂವವ್ರು ಒಂದ ಬಂಡಲ್ ಬಿಚ್ಚಿಸಿ, ಕೈಲೆ ಜಗ್ಗಿ ನೋಡಿ ತಗೊಳ್ರಿ, ಬಿಲ್ಲಿನ ಮ್ಯಾಲ ಹೈಪೋದ ಬ್ಯಾಚ್ ನಂಬರು, ತಾರೀಖು ಬರಸ್ಕೊಳ್ರಿ, ಆಡಿಟಿನವ್ರು ಕೇಳ್ತಾರ. ಮಾರ್ಚ್ ಕಡೀ ವಾರದಾಗ ಹೋಗಬ್ಯಾಡ್ರಿ, ಎಲ್ಲಾ ಪಿಎಚ್‌ಸಿಯವ್ರೂ ಅಲ್ಲೇ ಇರತಾರ, ಉಳದದ್ದ ಕಟ್ಟಿ ಕಳಸ್ತಾರ. ರೊಕ್ಕ ಕಡೀ ವಾರದಾಗನ ಬಂದ್ರ, ಒಂದ ಸಲಾ ಬಿಲ್ ಮಾಡಿ ಹೈಪೋ ಮಾತ್ರ ಎರಡೆರಡು ತಿಂಗಳಿಗೊಮ್ಮೆ ಕಳಸ್ರಿ ಅಂತ ಬರವಣಿಗ್ಯಾಗ ಹಾಕಿ ಕೊಡ್ಲಿಕ್ಕಾಗತೈತೇನು ಅಂತ ನಮ್ಮ ಸಾಹೇಬ್ರು ಕೇಳ್ಯಾರ, ಅಂಗಡಿಯವ್ರು ಹೂಂ ಅಂದಾರ, ಲೆಕ್ಕದವ್ರು ಇನ್ನಾ ಏನೂ ಅಂದಿಲ್ಲ.